ನೆಂಟರಿಲ್ಲದ ದೇಶ

ಹಾರ್ನ್‌ಬಿ, ಕ್ರೈಸ್ಟ್‌ಚರ್ಚ್
9 ಫೆಬ್ರವರಿ 2025

ಅಪ್ಪ,

ಬಹಳ ದಿನದಿಂದ ಮುಚ್ಚಿಟ್ಟುಕೊಂಡಿದ್ದ ಒಂದು ಮಾತನ್ನು ಮೊದಲು ಹೇಳಿಬಿಡುತ್ತೇನೆ. ನಾವಿಬ್ಬರೂ ಮ್ಯಾಸಿಡೋನಿಯಾಕ್ಕೆ ಹೋಗುತ್ತೇವೆ ಎಂದು ನಾನು ಒಂದು ದಿನವೂ ನಂಬಿಲ್ಲ.

ಅಮ್ಮ ಹೋದ ಮೇಲೆ ಪ್ರತಿ ಭಾನುವಾರ ನೀನು ಓಹ್ರಿಡ್ ಸರೋವರದ ದಡದ ಅಗ್ಗದ ರೂಮುಗಳ ಫೋಟೋ ಕಳಿಸುತ್ತಿದ್ದೆ. ನಾನು ‘ಇದು ಚೆನ್ನಾಗಿದೆ’, ‘ಇದರಲ್ಲಿ ಅಡುಗೆ ಮಾಡಿಕೊಳ್ಳಬಹುದು’ ಎಂದು ಉತ್ತರ ಕೊಡುತ್ತಿದ್ದೆ. ಅದು ಸುಳ್ಳಲ್ಲ, ರೂಮುಗಳು ಚೆನ್ನಾಗಿಯೇ ಇದ್ದವು. ಆದರೆ ಹೋಗುವುದಿಲ್ಲ ಎಂದು ಗೊತ್ತಿದ್ದೇ ಹೇಳುತ್ತಿದ್ದೆ. ಫೋನಿನಲ್ಲಿ ನಮ್ಮ ಮಾತು ‘ಊಟ ಆಯ್ತಾ’, ‘ಆಯ್ತು’, ‘ಅಲ್ಲಿ ಚಳಿನಾ’, ‘ಹೂಂ’ ಅಂತ ಮುಗಿದುಹೋಗುತ್ತಿತ್ತು. ಆ ದೇಶವೊಂದು ಇಲ್ಲದಿದ್ದರೆ ನಮಗೆ ಮಾತೇ ಇರುತ್ತಿರಲಿಲ್ಲ. ಈಗ ನೀನು ಸೆಪ್ಟೆಂಬರಿನಲ್ಲಿ ರಜೆ ಕೇಳು ಅನ್ನುತ್ತಿದ್ದೀಯ. ನಂಬದ ಪ್ರವಾಸಕ್ಕೆಂದು ರಜೆ ಕೇಳಲು ನನಗೆ ಬಾಯಿ ಬರುತ್ತಿಲ್ಲ. ಫೋನಿನಲ್ಲಿ ಇದನ್ನು ಹೇಳಿದರೆ ನೀನು ‘ಸರಿ, ಮಲಕ್ಕೋ’ ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ.

ಈ ನ್ಯೂಜಿಲೆಂಡಿಗೆ ಬಂದಾಗ ನನಗೆ ಒಂಬತ್ತು ವರ್ಷ. ಅಲ್ಲಿಂದ ಇಲ್ಲಿಯವರೆಗೆ ನಮ್ಮ ಮನೆಯಲ್ಲಿ ರಜೆ ಎಂದರೆ ಮೈಸೂರು. ಫಿಜಿಗೆ ಟಿಕೆಟ್ ನೋಡಿದ ವರ್ಷ ಮುರಳಿ ಚಿಕ್ಕಪ್ಪನ ಮದುವೆ ಬಂತು. ಸಿಡ್ನಿಗೆ ಹೋಗೋಣ ಎಂದ ವರ್ಷ ಅಜ್ಜಿಯ ಕಣ್ಣಿನ ಆಪರೇಷನ್. ಮೈಸೂರಿಗೆ ಹೋದರೂ ಅದೇನು ರಜೆಯೇ? ಸೂಟ್‌ಕೇಸಿನ ತುಂಬ ಚಾಕಲೇಟು, ಬೆಳಿಗ್ಗೆ ಒಬ್ಬರ ಮನೆ, ಮಧ್ಯಾಹ್ನ ಇನ್ನೊಬ್ಬರ ಮನೆ. ಒಂದು ಮನೆ ಬಿಟ್ಟರೆ ಮುಂದಿನ ಭೇಟಿಯವರೆಗೂ ಅದೇ ಆಕ್ಷೇಪಣೆ. ಕೊನೆಯ ಸಲ ಹಿಂದಿರುಗಿ ಬಂದು ಆಕ್ಲೆಂಡಿನಿಂದ ಮನೆಗೆ ಕಾರಿನಲ್ಲಿ ಬರುವಾಗ ಅಮ್ಮ ಹೇಳಿದ್ದು ನೆನಪಿದೆಯಲ್ಲ? “ರೀ, ನೆಂಟ್ರೇ ಇಲ್ದೇ ಇರೋ ದೇಶ ಯಾವ್ದಾದ್ರೂ ಇದ್ರೆ ಹುಡುಕಿ. ಒಂದೇ ವಾರ ಸಾಕು.”

ಅವಳು ತಮಾಷೆಗೆ ಹೇಳಿದಳು, ನೀನು ಎಂಜಿನಿಯರ್ ಆಗಿ ಕೇಳಿಸಿಕೊಂಡೆ. ಆ ಸಂಜೆಯೇ ಭೂಪಟ ಹರಡಿ ಕೂತೆ. ಲಂಡನ್ನಿನಲ್ಲಿ ಮುರಳಿ ಚಿಕ್ಕಪ್ಪ, ಹೊಡಿ ಕಾಟು. ಜರ್ಮನಿಯಲ್ಲಿ ದತ್ತಾತ್ರೇಯ ದೊಡ್ಡಪ್ಪನ ಅಳಿಯ, ಹೊಡಿ ಕಾಟು. ದುಬೈಯಲ್ಲಿ ಮೈಸೂರಿನ ಸರಸ್ವತೀಪುರಂ ಅರ್ಧಕ್ಕರ್ಧ ಇದೆ. ಗ್ರೀಸಿನಲ್ಲಿ ಹಡಗಿನ ಕೆಲಸದ ರಾಘವ್. ಅದರ ಮೇಲೆ ಪುಟ್ಟದಾಗಿ ಉತ್ತರ ಮ್ಯಾಸಿಡೋನಿಯಾ ಉಳಿಯಿತು. “ಖರ್ಚೂ ಕಮ್ಮಿ ಕಣೇ,” ಎಂದೆ ನೀನು. ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮರುವರ್ಷ ಅವಳೇ ಇಲ್ಲ.

ನಂಬದಿರಲು ಇನ್ನೊಂದು ಕಾರಣ ನಿನ್ನ ಪಾಸ್‌ಪೋರ್ಟ್. ಅಮ್ಮನೂ ನಾನೂ ಇಲ್ಲಿಯದನ್ನು ತೆಗೆದುಕೊಂಡೆವು, ನೀನು ಇಂಡಿಯಾದ್ದನ್ನೇ ಇಟ್ಟುಕೊಂಡೆ. ‘ಅಜ್ಜಿಗೆ ಏನಾದ್ರೂ ಆದ್ರೆ ಅವತ್ತೇ ವಿಮಾನ ಹತ್ತಬೇಕು, ವೀಸಾ, ಆ ಕಾರ್ಡು ಈ ಕಾರ್ಡು ಅಂತ ನನ್ನ ಯಾರೂ ನಿಲ್ಲಿಸಬಾರದು’ ಎಂದೆ. ಮ್ಯಾಸಿಡೋನಿಯಾಕ್ಕೆ ನನಗೆ ವೀಸಾ ಬೇಡ, ನಿನಗೆ ಬೇಕು. ಅದಕ್ಕೆ ಪಾಸ್‌ಪೋರ್ಟನ್ನು ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿರುವ ಅವರ ರಾಯಭಾರ ಕಚೇರಿಗೆ ಕಳಿಸಿ ವಾರಗಟ್ಟಲೆ ಕಾಯಬೇಕು. ಅಜ್ಜಿಗೆ ಎಂಬತ್ತೆಂಟು. ಅದನ್ನು ನೀನು ಕೈಯಿಂದ ಬಿಡುವುದಿಲ್ಲ, ಆದ್ದರಿಂದ ನಾವು ಹೋಗುವುದಿಲ್ಲ. ಕೋಪದಿಂದ ಬರೆದದ್ದಲ್ಲ ಇದು.

ಧನು


ಹ್ಯಾಮಿಲ್ಟನ್
21 ಫೆಬ್ರವರಿ 2025

ಚಿ. ಧನುಶ್ರೀಗೆ ಅಪ್ಪನ ಆಶೀರ್ವಾದ.

ನಿನ್ನ ಕಾಗದ ಮುಟ್ಟಿತು. ಕ್ಷೇಮ ಎಂದು ಬರೆಯುವುದು ವಾಡಿಕೆ, ಓದಿದ ಮೇಲೆ ಬರೆಯಲು ಮನಸ್ಸಾಗಲಿಲ್ಲ. ಕನ್ನಡ ಚೆನ್ನಾಗಿ ಬರೆದಿದ್ದೀಯ. ಶಾಲೆ ಬಿಟ್ಟರೂ ಅಕ್ಷರ ಬಿಡಲಿಲ್ಲ, ಸಂತೋಷ.

ಶಾಲೆ ಬಿಟ್ಟ ದಿನವೂ ನೀನು ಹೀಗೆಯೇ ಎದುರಿಗೆ ನಿಂತು ಹೇಳಿದೆ. ಬೇರೆಯವರ ಮಕ್ಕಳು ಯೂನಿಫಾರ್ಮು ತೊಟ್ಟು ಮಾಲ್‌ನಲ್ಲಿ ಕೂತು ಸಂಜೆ ಮನೆಗೆ ಬರುತ್ತಿದ್ದರು. ನೀನು ಹಾಗೆ ಮಾಡಿದ್ದರೆ ನನಗೆ ಇನ್ನೂ ಒಂದಷ್ಟು ತಿಂಗಳು ನೆಮ್ಮದಿ ಇರುತ್ತಿತ್ತು. ನಿನ್ನ ಅಮ್ಮ ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ.

ನಾನು ನಂಬಿದ್ದೆ, ಧನು. ಇದನ್ನೂ ತಿಳಿದುಕೊಂಡಿರು. ಪ್ರತಿ ರೂಮು ನೋಡುವಾಗಲೂ ಕಿಟಕಿ ಪೂರ್ವಕ್ಕಿದೆಯೇ ಎಂದು ನೋಡುತ್ತಿದ್ದೆ. ಮುಖಕ್ಕೆ ಬಿಸಿಲು ಬಿದ್ದರೆ ನಿನಗೆ ನಿದ್ದೆ ಬರುವುದಿಲ್ಲವಲ್ಲ, ಅದಕ್ಕೆ. ನೀನು ಸುಮ್ಮನೆ ‘ಚೆನ್ನಾಗಿದೆ’ ಅನ್ನುತ್ತಿದ್ದೆ ಎಂದು ಈಗ ಗೊತ್ತಾಯಿತು.

ಈ ಸಂಜೆ ಹಾಲಿನಪುಡಿ ಫ್ಯಾಕ್ಟರಿಯಲ್ಲಿ ಒಂದು ಪಂಪು ಕೆಟ್ಟಿತ್ತು. ಬಿಚ್ಚಿ ಕೂತಿದ್ದಾಗ ನಿನ್ನ ಮಾತೇ ತಲೆಯಲ್ಲಿ. ಪಾಸ್‌ಪೋರ್ಟು ಕಳಿಸುತ್ತೇನೆ. ನೀನು ರಜೆ ಕೇಳು.

ವಾಸುದೇವ್


ಹಾರ್ನ್‌ಬಿ
16 ಮಾರ್ಚ್ 2025

ಅಪ್ಪ,

ರಜೆ ಸಿಕ್ಕಿತು. ಗೋದಾಮಿನ ಸೂಪರ್‌ವೈಸರ್ ಎಲ್ಲಿಗೆ ಎಂದು ಕೇಳಿದ. ಗ್ರೀಸಿನ ಮೇಲೆ ಇರುವ ದೇಶ ಎಂದೆ. “ಹಾಗಾದರೆ ಗ್ರೀಸಿಗೇ ಹೋಗಬಹುದಲ್ಲ?” ಎಂದ. “ಅಲ್ಲಿ ನಮ್ಮ ನೆಂಟರಿದ್ದಾರೆ,” ಎಂದೆ. ಅವನು ನನ್ನನ್ನು ಒಂದು ನಿಮಿಷ ನೋಡಿ ಸಹಿ ಹಾಕಿದ. ಅವನಿಗೂ ಯಾರೋ ಇರಬೇಕು.

ನನ್ನ ಫ್ಲ್ಯಾಟ್‌ಮೇಟ್ ಅಮಿತಾ ಗೊತ್ತಲ್ಲ, ಧಾರವಾಡದ ನರ್ಸು. ಅವಳು ಬಿದ್ದು ಬಿದ್ದು ನಕ್ಕಳು. “ಮಂದಿ ನೆಂಟರ ಸಲುವಾಗಿ ಊರಿಗೆ ಹೊಕ್ಕಾರ, ನೀವಿಬ್ರೂ ನೆಂಟರಿಗೆ ಅಂಜಿ ದೇಶಾನ ಹುಡುಕ್ಲಿಕತ್ತೀರೇನ?” ಎಂದಳು. ಹೌದು ಎಂದೆ. “ನಮ್ಮಪ್ಪಗ ಹೇಳಬ್ಯಾಡ, ಅವನೂ ನಿಮ್ಮ ಜೋಡಿ ಬರ್ತಾನ,” ಎಂದಳು.

ನೀನು ಗುರುತು ಹಾಕಿದ ಮಹಡಿಯ ರೂಮಿನ ಯಜಮಾನಿಗೆ ಬರೆದೆ. ವಯಸ್ಸಾದ ಹೆಂಗಸು, ಮೊಮ್ಮಗಳ ಕೈಲಿ ಇಂಗ್ಲಿಷಿನಲ್ಲಿ ಉತ್ತರ ಬರೆಸುತ್ತಾಳೆ. ಸರೋವರದ ಮೀನು ಹುರಿದು ಕೊಡುತ್ತೇನೆ ಎಂದಳು. ನಾವು ಮೀನು ತಿನ್ನುವುದಿಲ್ಲ ಎಂದೆ. ಮೊಟ್ಟೆ? ಅಪ್ಪ ತಿನ್ನುವುದಿಲ್ಲ. ವೈನ್? ಅಪ್ಪ ಕುಡಿಯುವುದಿಲ್ಲ. ‘ಹಾಗಾದರೆ ನಿಮ್ಮ ತಂದೆ ಇಲ್ಲಿ ಏನು ಮಾಡುತ್ತಾರೆ?’ ಎಂದು ಕೇಳಿದ್ದಾಳೆ. ಕೂತಿರುತ್ತಾರೆ ಎಂದು ಬರೆದೆ. ಅದಕ್ಕೆ ಅವಳು, ಕೂರುವುದಕ್ಕೆ ಬಾಲ್ಕನಿಯಲ್ಲಿ ಒಳ್ಳೆಯ ಕುರ್ಚಿ ಇದೆ, ಗಂಡನದು, ಅವನೀಗ ಇಲ್ಲ ಎಂದು ಬರೆದಳು. ಸೀಸನ್ ಮುಗಿಯುವ ಹೊತ್ತು, ಬಾಡಿಗೆಯಲ್ಲೂ ಸ್ವಲ್ಪ ಬಿಟ್ಟಿದ್ದಾಳೆ.

ಸತ್ಯ ಹೇಳಬೇಕೆಂದರೆ ಆ ಕುರ್ಚಿಯಲ್ಲಿ ನೀನು ಕೂತಿರುವುದು ಒಂದು ಕ್ಷಣ ಕಣ್ಣಿಗೆ ಕಟ್ಟಿತು. ಆಮೇಲೆ ಪಾಸ್‌ಪೋರ್ಟಿನ ನೆನಪಾಗಿ ಹೋಯಿತು. ಕಳಿಸುತ್ತೇನೆ ಎಂದು ಬರೆದು ತಿಂಗಳಾಗುತ್ತ ಬಂತು, ಅದು ಇನ್ನೂ ನಿನ್ನ ಬೀರುವಿನಲ್ಲೇ ಇದೆ. ಕಳಿಸು ಅಪ್ಪ. ಕಳಿಸಿದ ದಿನ ನಂಬುತ್ತೇನೆ.

ಧನು


ಹ್ಯಾಮಿಲ್ಟನ್
27 ಏಪ್ರಿಲ್ 2025

ಚಿ. ಧನುಗೆ ಆಶೀರ್ವಾದ.

ಪಾಸ್‌ಪೋರ್ಟು ಹೋಯಿತು. ಕೊರಿಯರ್ ಕೌಂಟರಿನಲ್ಲಿ ಲಕೋಟೆಯನ್ನು ಕೊಟ್ಟೆ, ಆದರೆ ಬಿಡಲಿಲ್ಲವೆಂದು ಕಾಣುತ್ತದೆ. ಅತ್ತ ಕಡೆಯ ಹುಡುಗಿ ಮೆಲ್ಲಗೆ ಎಳೆದುಕೊಂಡು, ಏನೂ ಆಗುವುದಿಲ್ಲ, ನಾವು ದಿನವೂ ಕಳಿಸುತ್ತೇವೆ ಎಂದಳು. ಮನೆಗೆ ಬಂದು ಆ ಸಂಜೆಯೇ ಇಬ್ಬರ ಟಿಕೆಟ್ಟನ್ನೂ ತೆಗೆದೆ. ಅಗ್ಗದವು, ವಾಪಸು ಮಾಡಿದರೆ ಏನೂ ಬರುವುದಿಲ್ಲ. ಬೇಕೆಂದೇ ಅಂಥವನ್ನು ತೆಗೆದೆ.

ಇಸ್ತಾಂಬುಲ್ಲಿನವರೆಗೆ ಬೇರೆ ಬೇರೆ ದಾರಿ, ಅಲ್ಲಿಂದ ಜೊತೆಗೆ. ಸಣ್ಣ ಕುಕ್ಕರು ನಾನು ತರುತ್ತೇನೆ. ಅನ್ನ ಸಾರಿಗೆ ತೊಂದರೆಯಿಲ್ಲ. ಬರುವಾಗ ಉಳಿದ ಸಾರಿನ ಪುಡಿಯನ್ನು ಅಲ್ಲೇ ಬಿಟ್ಟು ಬರಬೇಕು, ಇಲ್ಲಿಯ ವಿಮಾನ ನಿಲ್ದಾಣದವರು ಒಳಗೆ ಬಿಡುವುದಿಲ್ಲ. ಆ ಯಜಮಾನಿಗೇ ಕೊಟ್ಟು ಬರೋಣ.

ಭಾನುವಾರ ಅಜ್ಜಿಯ ಜೊತೆ ಮಾತಾಡಿದೆ. “ಯಾವಾಗ ಬರ್ತೀಯೋ ವಾಸು?” ಎಂದರು. ದಸರಾ ಹೊತ್ತಿಗೆ ಎಂದೆ. ಟೂರಿನ ಮಾತು ಎತ್ತಲಿಲ್ಲ. ದತ್ತಣ್ಣನಿಗೂ ಹೇಳಿಲ್ಲ. ಅಜ್ಜಿಗೆ ಮಗ ನಾನೊಬ್ಬನೇ, ಅವನು ನನ್ನ ದೊಡ್ಡಪ್ಪನ ಮಗ. ಆದರೂ ಇಷ್ಟು ವರ್ಷ ಅಜ್ಜಿಯನ್ನು ತನ್ನ ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುತ್ತಿರುವವನು ಅವನು. ಅವನ ಎದುರು ‘ನಾನು ಸರೋವರ ನೋಡಲು ಹೋಗುತ್ತಿದ್ದೇನೆ’ ಎನ್ನಲು ನಾಲಿಗೆ ಹೊರಳುವುದಿಲ್ಲ. ಅವರಾಗಿ ಕೇಳದಿದ್ದರೆ ನಾವಾಗಿ ಹೇಳುವುದು ಬೇಡ. ಇಷ್ಟು ನಡೆಸಿಕೊಡು.

ವಾಸುದೇವ್


ಹ್ಯಾಮಿಲ್ಟನ್
20 ಮೇ 2025

ಧನು,

ಅವತ್ತು ಫೋನಿನಲ್ಲಿ ‘ಅಜ್ಜಿ ಹೋದರು’ ಎಂದು ಮಾತ್ರ ಹೇಳಿ ಇಟ್ಟೆ. ಉಳಿದದ್ದನ್ನು ಬರೆಯುತ್ತೇನೆ.

ಹೋದ ವಾರದ ಸೋಮವಾರ ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಟ್ಟರಂತೆ, ಅಷ್ಟೇ. ದತ್ತಣ್ಣ ಫೋನು ಮಾಡಿ, “ಐಸ್ ಬಾಕ್ಸ್ ತರಿಸಿದೀವಿ ವಾಸು, ಕಾಯ್ತೀವಿ. ಯಾವ ಫ್ಲೈಟಿಗೆ ಬರ್ತೀಯ?” ಎಂದ. ಪಾಸ್‌ಪೋರ್ಟು ಕೈಯಲ್ಲಿಲ್ಲ ಎಂದೆ. ಎಲ್ಲಿ ಎಂದ. ರಿನ್ಯೂವಲ್ಲಿಗೆ ಹೋಗಿದೆ ಎಂದುಬಿಟ್ಟೆ. ಅದು ಬಾಯಿಗೆ ಹೇಗೆ ಬಂತೋ ತಿಳಿಯದು.

ಕ್ಯಾನ್‌ಬೆರಾಕ್ಕೆ ಫೋನು ಮಾಡಿದೆ. ಅವರದು ತಪ್ಪಿಲ್ಲ. ಕೇಳಿದ ಕೂಡಲೇ ಕಳಿಸಲು ಒಪ್ಪಿದರು, ಆದರೆ ಸಮುದ್ರ ದಾಟಿ ಬರಬೇಕಲ್ಲ. ವೆಲ್ಲಿಂಗ್ಟನ್ನಿನ ಇಂಡಿಯಾ ಹೈಕಮಿಷನ್ನಿಗೂ ಫೋನು ಮಾಡಿದೆ. ತುರ್ತು ಪ್ರಯಾಣಪತ್ರಕ್ಕೂ ಎರಡು ಮೂರು ದಿನ ಬೇಕು ಎಂದರು. ದತ್ತಣ್ಣ ಒಂದು ರಾತ್ರಿ ಕಾದು, ಇನ್ನು ಇಡುವುದು ಸರಿಯಲ್ಲ ಎಂದು ತಾನೇ ಬೆಂಕಿ ಕೊಟ್ಟ. ನಾನು ಫ್ಯಾಕ್ಟರಿಯ ಕಾರ್ ಪಾರ್ಕಿನಲ್ಲಿ ಕೂತು ಫೋನಿನಲ್ಲಿ ನೋಡಿದೆ. ಹಿಡಿದುಕೊಂಡವರ ಹೆಬ್ಬೆರಳು ಅರ್ಧಕ್ಕೆ ಅಡ್ಡವಿತ್ತು. ಉಳಿದರ್ಧದಲ್ಲಿ ಯಾರದೋ ಹೆಗಲು. ಸ್ವಲ್ಪ ಬಲಕ್ಕೆ ಹಿಡಿಯಪ್ಪ ಎಂದು ಹೇಳಬೇಕೆನಿಸಿತು.

ಪಾಸ್‌ಪೋರ್ಟು ಇವತ್ತು ಬಂತು. ವೀಸಾ ಒತ್ತಿಯೇ ಕಳಿಸಿದ್ದಾರೆ. ನಾಳೆ ಹೊರಟು ವೈಕುಂಠ ಸಮಾರಾಧನೆಯ ಹೊತ್ತಿಗೆ ಮುಟ್ಟುತ್ತೇನೆ.

ಇದರಲ್ಲಿ ನಿನ್ನದೇನೂ ಇಲ್ಲ. ಕೌಂಟರಿನಲ್ಲಿ ಕೊಟ್ಟವನು ನಾನು.

ಅಪ್ಪ


ಹಾರ್ನ್‌ಬಿ
25 ಮೇ 2025

ಅಪ್ಪ,

ಇದನ್ನು ಮೈಸೂರಿನ ವಿಳಾಸಕ್ಕೆ ಕಳಿಸುತ್ತಿದ್ದೇನೆ. ನೀನು ವಿಮಾನದಲ್ಲಿದ್ದಾಗ ಆದದ್ದನ್ನು ಇಷ್ಟು ಹೊತ್ತಿಗೆ ನೀನೇ ತಿಳಿದಿರುತ್ತೀಯ. ಆದರೂ ನನ್ನ ಬಾಯಿಂದ ಕೇಳಬೇಕು.

ದತ್ತಾತ್ರೇಯ ದೊಡ್ಡಪ್ಪ ನನಗೆ ಫೋನು ಮಾಡಿದರು. ನಿನ್ನ ಫೋನು ಆಫ್ ಇತ್ತಂತೆ, ವಿಮಾನ ಎಷ್ಟು ಹೊತ್ತಿಗೆ ಇಳಿಯುತ್ತದೆ, ಕಾರು ಕಳಿಸಬೇಕು ಎಂದರು. ಹೇಳಿದೆ. ಆಮೇಲೆ, “ಪಾಪ, ರಿನ್ಯೂವಲ್ಲು ಈಗ್ಲೇ ಬರ್ಬೇಕಾ ಪುಟ್ಟಿ? ಅವನ ಗ್ರಹಚಾರ ನೋಡು,” ಎಂದರು.

ಹೂಂ ಅನ್ನಬಹುದಾಗಿತ್ತು. ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. “ರಿನ್ಯೂವಲ್ಲಿಗಲ್ಲ ದೊಡ್ಡಪ್ಪ, ವೀಸಾಕ್ಕೆ ಕಳಿಸಿದ್ದು. ನಾವಿಬ್ಬರೂ ಟೂರಿಗೆ ಹೋಗೋರಿದ್ವಿ. ನಾನೇ ಬಲವಂತ ಮಾಡಿದ್ದು,” ಎಂದೆ.

ಹಿಂದೆ ದೊಡ್ಡಮ್ಮ “ಏನಂತೆ? ಏನಂತೆ?” ಎಂದು ಕೇಳುತ್ತಿದ್ದರು. “ಟೂರಂತೆ,” ಎಂದು ದೊಡ್ಡಪ್ಪ ಅವರಿಗೆ ಹೇಳಿ ಫೋನು ಇಟ್ಟರು.

ಅವರು ಕೇಳಿದರು ಅಪ್ಪ. ಕೇಳದಿದ್ದರೆ ಹೇಳುವುದು ಬೇಡ ಎಂದು ನೀನು ಬರೆದಿದ್ದೆ, ಅದನ್ನು ನಡೆಸಿದ್ದೇನೆ ಎಂದು ವಾದ ಮಾಡಬಹುದು. ಮಾಡುವುದಿಲ್ಲ. ನೀನು ಯಾವುದನ್ನು ಹೇಳಬಾರದು ಎಂದೆಯೋ ಅದು ನನಗೆ ಗೊತ್ತಿತ್ತು. ನಿನಗೆ ತಿಳಿಸೋಣವೆಂದು ಎಷ್ಟು ಸಲ ಮಾಡಿದರೂ ಫೋನು ಹೋಗಲಿಲ್ಲ. ನೀನು ಇಳಿದು ಆ ಮನೆಯೊಳಗೆ ಕಾಲಿಡುವಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿರುತ್ತದೆ, ನಿನಗೊಬ್ಬನಿಗೇ ಗೊತ್ತಿರುವುದಿಲ್ಲ ಎಂದುಕೊಳ್ಳುತ್ತ ಅಡುಗೆಮನೆಯಲ್ಲಿ ನಿಂತಿದ್ದೆ.

ಅಮಿತಾಗೆ ಹೇಳಿದೆ. ಈ ಸಲ ನಗಲಿಲ್ಲ. “ಖರೇ ಹೇಳೋದು ದೊಡ್ಡದಲ್ಲ ಬಿಡು. ಅದು ಯಾರ ಮನೀ ಬಾಗಿಲಿಗೆ ಹೋಗಿ ಬೀಳತದ, ಅದನ್ನ ನೋಡಬೇಕಿತ್ತು ನೀ,” ಎಂದಳು.

ಕ್ಷಮೆ ಕೇಳುತ್ತೇನೆ. ಆದರೆ ಹೂಂ ಅನ್ನಬೇಕಾಗಿತ್ತು ಎಂದು ಈಗಲೂ ಅನ್ನಿಸುತ್ತಿಲ್ಲ. ಹಾಗೆ ಅನ್ನಿಸದೆ ಕೇಳಿದ ಕ್ಷಮೆಗೆ ಬೆಲೆ ಇದೆಯೋ ಇಲ್ಲವೋ ತಿಳಿಯದು.

ಧನು


ಹಾರ್ನ್‌ಬಿ
6 ಜುಲೈ 2025

ಅಪ್ಪ,

ಕಾಗದ ಬರಲಿಲ್ಲ. ಫೋನು ಮಾಡಿದರೆ ದೊಡ್ಡಮ್ಮ ತೆಗೆದು, “ಸ್ನಾನಕ್ಕೆ ಹೋಗಿದಾನೆ,” ಅನ್ನುತ್ತಾರೆ. ಎಷ್ಟೊಂದು ಸ್ನಾನ ಮಾಡುತ್ತೀಯ.

ಇಲ್ಲಿ ಬೆಳಿಗ್ಗೆ ಕಾರಿನ ಗಾಜಿನ ಮೇಲೆ ಮಂಜು ಗಟ್ಟಿಯಾಗಿರುತ್ತದೆ. ಗೋದಾಮಿನಲ್ಲಿ ಬಾಗಿಲು ತೆರೆದೇ ಇರಬೇಕು, ಲಾರಿಗಳು ಬರುತ್ತಲೇ ಇರುತ್ತವೆ. ಎರಡು ಜೊತೆ ಗ್ಲೌಸು ಹಾಕಿಕೊಂಡು ಪೆಟ್ಟಿಗೆಗಳನ್ನು ಸ್ಕ್ಯಾನ್ ಮಾಡುತ್ತೇನೆ. ಕೆಲಸ ಬಿಡಬೇಕೆನಿಸುತ್ತದೆ. ಬಿಟ್ಟು ಎಲ್ಲಿಗೆ ಎಂದು ಗೊತ್ತಾಗದೆ ಹೋಗುತ್ತಿದ್ದೇನೆ.

ಓಹ್ರಿಡ್ಡಿನ ಯಜಮಾನಿ ಇಬ್ಬರೂ ಬರುತ್ತೀರಲ್ಲ ಎಂದು ಕೇಳಿದ್ದಾಳೆ. ಗೊತ್ತಿಲ್ಲ ಎಂದು ಬರೆದೆ. ಬೈದಾದರೂ ಬರಿ.

ಧನು


ಸರಸ್ವತೀಪುರಂ, ಮೈಸೂರು
3 ಆಗಸ್ಟ್ 2025

ಚಿ. ಧನುಗೆ ಆಶೀರ್ವಾದ.

ನಿನ್ನ ಎರಡೂ ಕಾಗದ ಬಂದಿವೆ. ಫೋನಿಗೆ ಬರದಿದ್ದುದು ಕೋಪಕ್ಕಲ್ಲ. ನನ್ನ ಫೋನು ಇಲ್ಲಿ ನಡೆಯುವುದಿಲ್ಲ, ಮನೆಯ ಫೋನಿನಲ್ಲಿ ನಡುಮನೆಯಲ್ಲಿ ನಿಂತು ಮಾತಾಡಬೇಕು, ಎಲ್ಲರೂ ಅಲ್ಲೇ ಇರುತ್ತಾರೆ.

ನಾನು ಬಂದ ದಿನ ಯಾರೂ ಏನೂ ಕೇಳಲಿಲ್ಲ. ಕಾರು ಕಳಿಸಿದ್ದರು, ಬಿಸಿನೀರು ಕಾಯಿಸಿಟ್ಟಿದ್ದರು. ರಿನ್ಯೂವಲ್ಲು ತಡವಾಯಿತು ಎಂದು ನಾನಾಗಿಯೇ ಇನ್ನೊಂದು ಸಲ ಹೇಳಿದೆ. ದತ್ತಣ್ಣ “ಆಯ್ತು, ಸ್ನಾನ ಮಾಡು,” ಎಂದ. ನನಗೆ ಅರ್ಥವಾಗಲಿಲ್ಲ. ವೈಕುಂಠದ ದಿನ ಪಂಕ್ತಿಯಲ್ಲಿ ಕೂತಿದ್ದಾಗ ಎದುರು ಸಾಲಿನಿಂದ ಮುರಳಿಯ ಮಾವ ಕೇಳಿದರು: “ವಾಸು, ಆ ದೇಶದಲ್ಲಿ ನೋಡಕ್ಕೆ ಏನಿದೆಯಪ್ಪ?” ಅನ್ನದ ಮೇಲೆ ಕೈಯಿಟ್ಟು ಕೂತಿದ್ದೆ. “ಒಂದು ಕೆರೆ,” ಎಂದೆ. “ಕೆರೆ ನೋಡಕ್ಕೆ ಅಷ್ಟು ದೂರ ಹೋಗ್ಬೇಕೇನಯ್ಯ? ಕುಕ್ಕರಹಳ್ಳಿ ಕೆರೆ ಇಲ್ಲೇ ಇದೆಯಲ್ಲ!” ಎಂದರು. ಪಂಕ್ತಿಯಲ್ಲಿ ಕೆಲವರು ನಕ್ಕರು. ದತ್ತಣ್ಣ ನಗಲಿಲ್ಲ. ಅವನು ನಕ್ಕಿದ್ದರೆ ಸುಲಭವಾಗುತ್ತಿತ್ತು.

ನಿನ್ನ ಅಮ್ಮ ಯಾವ ದೇಶ ಕೇಳಿದಳೋ, ಅದರ ಹೆಸರು ಈಗ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಮಕ್ಕಳು ಅದರ ಬಾವುಟ ಕೂಡ ಹುಡುಕಿ ನೋಡಿದವು.

ನೀನು ಹೇಳಿದ್ದು ನಿಜ. ಆದರೆ ಅದನ್ನು ದತ್ತಣ್ಣನಿಗೆ ಹೇಳಬೇಕಾದವನು ನಾನು. ವಿಮಾನದಲ್ಲಿ ಅದನ್ನೇ ಯೋಚಿಸುತ್ತ ಬಂದೆ, ವೈಕುಂಠ ಮುಗಿದ ರಾತ್ರಿ ಅವನೊಬ್ಬನನ್ನೇ ಕೂರಿಸಿಕೊಂಡು ಹೇಳಬೇಕು ಎಂದು. ಹೇಳಿದ್ದರೆ ಅತ್ತಿರುತ್ತಿದ್ದೆ ಎಂದು ತೋರುತ್ತದೆ. ಈಗ ಹೇಳಲು ಏನೂ ಉಳಿದಿಲ್ಲ.

ತಾಯಿ ಹೋದ ವರ್ಷ ಮಗ ಪ್ರವಾಸ ಗಿವಾಸ ಮಾಡುವಂತಿಲ್ಲ, ಅದು ನಿನಗೆ ಗೊತ್ತು. ಬೆಂಕಿಯನ್ನಂತೂ ಕೊಡಲಿಲ್ಲ, ತಿಂಗಳು ತಿಂಗಳ ಮಾಸಿಕವನ್ನಾದರೂ ಇಲ್ಲೇ ಇದ್ದು ಮಾಡುತ್ತೇನೆ. ಫ್ಯಾಕ್ಟರಿಗೆ ರಾಜೀನಾಮೆ ಕಳಿಸಿದ್ದಾಯಿತು. ಹ್ಯಾಮಿಲ್ಟನ್ ಮನೆಯನ್ನು ಏಜೆಂಟರು ಬಾಡಿಗೆಗೆ ಕೊಡುತ್ತಾರೆ. ವರ್ಷ ತುಂಬಿದ ಮೇಲೆ ಬರುತ್ತೇನೆಯೇ ಎಂದು ಕೇಳಬೇಡ. ನಿನ್ನಂಥವಳಿಗೆ ಬರುತ್ತೇನೆ ಎಂದು ಬರೆಯಲು ಧೈರ್ಯ ಸಾಲದು.

ಟಿಕೆಟ್ಟುಗಳನ್ನು ರದ್ದು ಮಾಡು. ಆ ಯಜಮಾನಿಗೂ ತಿಳಿಸು. ರಜೆ ಸಿಕ್ಕಿದ್ದರೆ ಇಲ್ಲಿಗೆ ಬಾ. ಯಾರೂ ಏನೂ ಅನ್ನುವುದಿಲ್ಲ.

ಅಪ್ಪ


ಹಾರ್ನ್‌ಬಿ
11 ಸೆಪ್ಟೆಂಬರ್ 2025

ಅಪ್ಪ,

ಕಳೆದ ತಿಂಗಳು ಹ್ಯಾಮಿಲ್ಟನ್ನಿಗೆ ಹೋಗಿ ಮನೆ ಖಾಲಿ ಮಾಡಿಕೊಟ್ಟೆ. ನಿನ್ನ ಬಟ್ಟೆ, ಅಮ್ಮನ ಪಾತ್ರೆ ಏಜೆಂಟರ ಗ್ಯಾರೇಜಿನಲ್ಲಿವೆ. ಬೀಗದ ಕೈ ಕೊಟ್ಟು ರಸ್ತೆಯಲ್ಲಿ ನಿಂತಾಗ ಒಂದು ವಿಷಯ ಹೊಳೆಯಿತು. ನೀನು ಭೂಪಟ ಹರಡಿ ಅಷ್ಟೊಂದು ಹುಡುಕಬೇಕಾಗಿರಲಿಲ್ಲ. ಇವತ್ತಿಗೆ ನ್ಯೂಜಿಲೆಂಡಿನಲ್ಲಿ ನನಗೆ ಒಬ್ಬ ನೆಂಟನೂ ಇಲ್ಲ.

ನಿನ್ನ ಟಿಕೆಟ್ ರದ್ದು ಮಾಡಿದೆ. ನನ್ನದನ್ನು ಮಾಡಲಿಲ್ಲ.

ಅಮ್ಮನ ಆಸೆ ತೀರಿಸಲು ಹೋಗುತ್ತಿದ್ದಾಳೆ ಎಂದು ಯಾರಿಗೂ ಹೇಳಬೇಡ, ಅದು ಸುಳ್ಳು. ಅಮ್ಮ ಕೇಳಿದ್ದು ನಾವು ಮೂವರೂ ಹೋಗುವ ದೇಶವನ್ನು. ಹಟಕ್ಕೆ ಹೋಗುತ್ತಿರುವುದೂ ಅಲ್ಲ. ಹೋಗಲು ಮನಸ್ಸಿಲ್ಲ. ಮೈಸೂರಿಗೆ ಬರಲು ಇನ್ನೂ ಮನಸ್ಸಿಲ್ಲ. ಯಾರೂ ಏನೂ ಅನ್ನುವುದಿಲ್ಲ ಎಂದು ಬರೆದಿದ್ದೀಯ. ಯಾರೂ ಏನೂ ಅನ್ನದ ಆ ನಡುಮನೆಯಲ್ಲಿ ನಿನ್ನ ಎದುರು ಕೂರುವುದು ನನ್ನಿಂದ ಆಗದು. ಇಲ್ಲೇ ಉಳಿದರೆ ರಜೆಯ ದಿನಗಳಲ್ಲಿ ರಿಕ್ಕರ್ಟನ್ ಮಾಲ್‌ನಲ್ಲಿ ಕೂತಿರುತ್ತೇನೆ, ಶಾಲೆ ತಪ್ಪಿಸಿದ ಮಕ್ಕಳ ಜೊತೆ. ಉಳಿದದ್ದು ಇದೊಂದೇ.

“ಒಬ್ಬಾಕಿನ ಹೋಗಿ ಏನ್ ಮಾಡ್ತಿ?” ಎಂದಳು ಅಮಿತಾ.

“ಗೊತ್ತಿಲ್ಲ.”

“ಫೋಟೋ ಆದ್ರೂ ಕಳಸ್ತೀ ಇಲ್ಲೋ ಅಪ್ಪಗ?”

“ದೊಡ್ಡಪ್ಪನ ಮನೇಲಿ ಯಾವ ಗೋಡೆ ಮೇಲೆ ಹಾಕ್ತಾರೆ?” ಎಂದೆ. ಅವಳು ನನ್ನ ಚೀಲದಲ್ಲಿ ಶೇಂಗಾ ಚಟ್ನಿಯ ಡಬ್ಬಿ ಇಟ್ಟಳು.

ಅಪ್ಪ ಬರುವುದಿಲ್ಲ ಎಂದು ಯಜಮಾನಿಗೆ ತಿಳಿಸಿದೆ. ಎರಡನೆಯ ಮಂಚ ರೂಮಿನಲ್ಲೇ ಇರಲೋ, ತೆಗೆಸಿಬಿಡಲೋ ಎಂದು ಕೇಳಿದಳು. ತೆಗೆಸಿ ಎಂದೆ.

ಸರೋವರ ಚೆನ್ನಾಗಿದ್ದರೆ ಚೆನ್ನಾಗಿದೆ ಎಂದು ಬರೆಯುತ್ತೇನೆ. ಇಲ್ಲದಿದ್ದರೆ ಇಲ್ಲ ಎಂದು. ನೀನು ಉತ್ತರ ಬರೆಯಲೇಬೇಕೆಂದಿಲ್ಲ.

ವಿಮಾನ ಬೆಳಿಗ್ಗೆ. ಅಮಿತಾಳ ನೈಟ್ ಡ್ಯೂಟಿ ಮುಗಿದಿರುವುದಿಲ್ಲ, ಬಸ್ಸಿನಲ್ಲಿ ಹೋಗುತ್ತೇನೆ. ನಾಳೆ ಹೊರಡುತ್ತೇನೆ.

ಧನು